ಕೊಂಡಿಯಿಲ್ಲದ ಚೇಳು

"ಮೇಡಂ, ಎರಡ್ ದಿನಾ ಆತು, ಅಜ್ಜ ಅಜ್ಜಿ ಕೈಲೆ ಒಂದ್ ತುತ್ತೂ ಉಂಡಿಲ್ಲ. ನೀವ ಬರ್ರಿ."

ಊರಿಗೆ ಹೋಗಿದ್ದ ಲಕ್ಷ್ಮಿಯ ಫೋನ್ ಬಂದಾಗ ನಾನು ಸ್ಕೂಲಿಗೆ ಹೊರಟಿದ್ದೆ. ರಜೆ ಹೇಳಿ ನೇರ ರಾಯಚೂರು ಬಸ್ ಸ್ಟ್ಯಾಂಡಿಗೆ ಹೋದೆ. ದೇವದುರ್ಗದ ಬಸ್ ಹತ್ತಿದೆ.

ನನ್ನ ಧಾರಾವಾಹಿಯ ಒಂಬತ್ತು ಕಂತು ಇಲ್ಲೇ ಓದಿದವರು, ಅದು ಇದ್ದಕ್ಕಿದ್ದಂತೆ ಎಲ್ಲಿ ಹೋಯಿತು ಎಂದು ಕೇಳುತ್ತಿದ್ದೀರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲಕ್ಷ್ಮಿ ನಮ್ಮ ಸ್ಕೂಲಿನ ಟೀಚರ್. ನಮ್ಮ ಮನೆಯ ಮೇಲಿನ ರೂಮಿನಲ್ಲಿದ್ದಾಳೆ. ಅವಳ ಅಜ್ಜಿ ಬೀರವ್ವ ಕಣ್ಣಿನ ಆಪರೇಷನ್ನಿಗೆಂದು ದೇವದುರ್ಗದ ಹತ್ತಿರದ ಜಾಲಹಳ್ಳಿಯಿಂದ ಬಂದು ಎಂಟು ದಿನ ನಮ್ಮ ಮನೆಯಲ್ಲಿದ್ದರು.

ಒಂದು ಮಧ್ಯಾಹ್ನ ಅವರ ಎಡಗೈಯ ಹಚ್ಚೆ ನೋಡಿ ಕೇಳಿದೆ. ಅದು ಚೇಳು. ಆದರೆ ಕೊಂಡಿಯೇ ಇಲ್ಲ.

"ಬರಗಾಲ ನೋಡು. ಹಚ್ಚಿ ಹಾಕಾಕಿಗೆ ಕೊಡಾಕ ನಮ್ಮವ್ವನ ಹತ್ರ ಒಂದ ಬೊಗಸಿ ಜ್ವಾಳ ಇತ್ತು. ಜ್ವಾಳಕ್ಕ ತಕ್ಕಷ್ಟು ಚೇಳು," ಎಂದು ನಕ್ಕರು.

ನಗುತ್ತಲೇ ಉಳಿದದ್ದನ್ನೂ ಹೇಳಿದರು. ಐವತ್ತು ವರ್ಷಕ್ಕೂ ಹಿಂದಿನ ಮಾತು. ಕೆರೆಯ ಹೂಳು ಹೊರುವ ಬರಗಾಲದ ಕೆಲಸ, ಕೆಲಸ ಮಾಡಿದವರಿಗಷ್ಟೇ ಅಂಬಲಿ. ಇವರಿಗಾಗ ಹದಿನಾರು ವರ್ಷ, ಜ್ವರ ಬಂದು ಬುಟ್ಟಿ ಎತ್ತಲಾಗದೆ ಮರದ ಕೆಳಗೆ ಬಿದ್ದಿದ್ದಾರೆ.

ಹನ್ನೊಂದು ದಿನ ಒಬ್ಬ ಹುಡುಗ ತನ್ನ ಪಾಲಿನಲ್ಲಿ ಅರ್ಧ ಕೊಟ್ಟ. ತನ್ನದೇ ಗಂಗಾಳದಲ್ಲಿ. ಇವರ ಮನೆಯವರು ಮುಟ್ಟಿಸಿಕೊಳ್ಳದ ಕೇರಿಯವನು. ಗೊತ್ತಾಗಿದ್ದರೆ ಆಗ ಇವರನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಕಟ್ಟಿಕೊಂಡ ಗಂಡನಿಗೂ ಹೇಳಿಲ್ಲ.

"ಯಾರ ಮುಂದೂ ಅನಬ್ಯಾಡ ಬೇ ಯವ್ವಾ," ಎಂದರು.

ಇಲ್ಲವ್ವಾ ಎಂದೆ.

ಆಮೇಲೆ ಬರೆದೆ.

ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಹೈಸ್ಕೂಲಿನಿಂದಲೂ ಹಳೆಯ ಕಾಲದ ಪ್ರೇಮ ಕಾದಂಬರಿಗಳ ಹುಚ್ಚು. ಯುದ್ಧ, ಕ್ಷಾಮ, ಪ್ಲೇಗು... ಹೊರಗೆ ಜನ ಸಾಯುತ್ತಿರಬೇಕು, ಒಳಗೆ ಇಬ್ಬರ ಕಣ್ಣು ಕೂಡಬೇಕು. ನಮ್ಮ ಸೀಮೆಯಲ್ಲೂ ಅಂಥದ್ದೊಂದು ಕಥೆ ಸಿಕ್ಕಿತಲ್ಲ ಎಂದು ಹಿಗ್ಗಿದ್ದೆ.

ಹೆಸರು ಬದಲಿಸಿದೆ. ಜಾಲಹಳ್ಳಿಯನ್ನು ಮಾನ್ವಿ ಕಡೆಯ ಕುರ್ಡಿ ಮಾಡಿದೆ. ಬೆಳದಿಂಗಳು ಹಾಕಿದೆ. ಒಂಬತ್ತನೇ ಕಂತಿನಲ್ಲಿ ಹುಡುಗನನ್ನು ಸಾಯಿಸಿದೆ. ಅದಕ್ಕೇ ಹೆಚ್ಚು ಕಾಮೆಂಟ್ ಬಂದದ್ದು.

ಚೇಳನ್ನು ಮಾತ್ರ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಅಷ್ಟು ಚೆಂದದ ವಿವರ...

ಮಾನ್ವಿಯಲ್ಲಿರುವ ಬೀರವ್ವನ ಮಗಳು ಅದನ್ನು ಓದಿ, ಊರಿಗೆ ಫೋನ್ ಮಾಡಿ, ಅಪ್ಪನಿಗೇ ಓದಿ ಹೇಳಿದ್ದಾಳೆ. ಅಂಥ ಚೇಳು ಅವರು ಕಂಡದ್ದು ಒಂದೇ ಕೈ ಮೇಲೆ.

ನಾನು ಜಾಲಹಳ್ಳಿ ತಲುಪಿದಾಗ ಮನೆ ಮುಂದಿನ ಕಟ್ಟೆಯ ಮೇಲೆ ಅಜ್ಜ ಹೆಗಲಿಗೆ ಕಂಬಳಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಬಟ್ಟೆ ಮುಚ್ಚಿದ ತಾಟು. ಒಳಗೆ ಒಲೆಯ ಹತ್ತಿರ ಬೀರವ್ವ, ಬೆನ್ನು ನನ್ನ ಕಡೆ. ಬಾಗಿಲಲ್ಲಿ ಲಕ್ಷ್ಮಿ.

ಯಾರೂ ಬರ್ರಿ ಅನ್ನಲಿಲ್ಲ.

"ತಪ್ಪು ನಂದ ಯಪ್ಪಾ," ಎಂದೆ. "ಪ್ರೀತಿ ಗೀತಿ ಎಲ್ಲಾ ನಾನ ಕಟ್ಟಿ ಬರ್ದಿದ್ದು."

ಅಜ್ಜ ತಲೆ ಎತ್ತಿದರು. "ಅಂಬ್ಲಿನೂ ನೀವ ಕಟ್ಟಿದ್ದೇನ್ರಿ?"

ಹೌದು ಎಂದರೆ ಮುಗಿಯಿತು. ಒಂದೇ ಸುಳ್ಳು, ಆ ತಾಟಿನ ಬಟ್ಟೆ ತೆಗೆಯುತ್ತಾರೆ. ನಾನು ಬಾಯಿ ತೆರೆದೆ ಕೂಡ.

"ಅಂಬ್ಲಿ ಖರೇ ಅದ." ಒಳಗಿಂದ ಬೀರವ್ವನ ದನಿ. "ಹನ್ನೊಂದ್ ದಿನ ಕುಡದೀನಿ. ಅವನ ಗಂಗಾಳದಾಗ."

ಎದ್ದು ಹೊಸ್ತಿಲಿಗೆ ಬಂದರು. ನನ್ನನ್ನೇ ನೋಡುತ್ತಾ, "ಬೆಳದಿಂಗಳಾ ಸುಳ್ಳು. ಸುಡು ಬಿಸಲಿತ್ತು. ಅವನ ಮಾರಿ ಯಾರ್ ನೋಡ್ಯಾರ ಬೇ? ನಾ ಗಂಗಾಳ ನೋಡಾಕತ್ತಿದ್ದೆ."

ನನಗೆ ನನ್ನ ಒಂಬತ್ತೂ ಕಂತು ಒಮ್ಮೆಲೇ ನೆನಪಾಗಿ ಮುಖ ಬಿಸಿಯಾಯಿತು.

ಅಜ್ಜ ನನ್ನನ್ನು ಕೇಳಿದರು. "ಅಂವ ಖರೇನ ಸತ್ನೇನ್ರಿ?"

"ಗೊತ್ತಿಲ್ಲ ಯಪ್ಪಾ. ಕಥಿಗೆ ಬೇಕಿತ್ತು ಅಂತ..."

"ಕಥಿಗೆ ಬೇಕಂತ ಸಾಯಿಸಿದ್ರಾ?" ದನಿ ಏರಿತು. "ಅಂವ ಅಂಬ್ಲಿ ಹಾಕದಿದ್ರ ಈ ಮನಿ ಎಲ್ಲಿತ್ರಿ? ಈ ಹುಡುಗಿ ಎಲ್ಲಿದ್ಲು?" ಎಂದು ಲಕ್ಷ್ಮಿಯ ಕಡೆ ಕೈ ಮಾಡಿದರು.

ಆಮೇಲೆ ಬೀರವ್ವನ ಕಡೆ ತಿರುಗಿದರು. "ಇಷ್ಟ್ ವರ್ಷ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಲಗ್ನಾ ಆಗ್ತಿದ್ದೇನು ನೀ?"

ಅಜ್ಜ ಹೌದು ಅನ್ನಬಹುದಿತ್ತು. ಅನ್ನಲಿಲ್ಲ.

ಬಟ್ಟೆ ಸರಿಸಿ, ಗಟ್ಟಿಯಾಗಿದ್ದ ರೊಟ್ಟಿಯನ್ನು ಮುರಿದು ಬಾಯಿಗಿಟ್ಟುಕೊಂಡರು. ಬೀರವ್ವ ಒಳಗೆ ಹೋಗಿ ಪುಂಡಿಪಲ್ಯ ತಂದು ತಾಟಿಗೆ ಹಾಕಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅಜ್ಜ ಉಂಡರು.

ನಾನು ಹೊರಟಾಗ ಬೀರವ್ವ ಬಾಗಿಲಲ್ಲಿ ನಿಂತಿದ್ದರು. ಸೆರಗಿನ ತುದಿ ಎಡಗೈ ಮಣಿಕಟ್ಟಿನವರೆಗೂ ಸುತ್ತಿಕೊಂಡಿತ್ತು. ನಮ್ಮ ಮನೆಯಲ್ಲಿದ್ದ ಎಂಟು ದಿನ ಆ ಕೈಯನ್ನು ಒಮ್ಮೆಯೂ ಮುಚ್ಚಿಕೊಂಡಿರಲಿಲ್ಲ.

ವಾಪಸ್ ಬಸ್ಸಿನಲ್ಲೇ ಎಲ್ಲ ಕಂತು ಡಿಲೀಟ್ ಮಾಡಿದೆ.

ಮತ್ತೆ ಬರೆಯುತ್ತಿದ್ದೇನಲ್ಲ, ಇದೂ ಅದೇ ತಪ್ಪಲ್ಲವೇ ಎಂದು ವಾರಗಟ್ಟಲೆ ತಡೆದೆ. ಕೊನೆಗೆ ಇವತ್ತು ಬೆಳಿಗ್ಗೆ ಫೋನಿನಲ್ಲಿ ಇಬ್ಬರಿಗೂ ಪೂರ್ತಿ ಓದಿ ಹೇಳಿದೆ. ಅಜ್ಜ ಬರೀ ಹೂಂಗುಟ್ಟಿದರು.

"ಈ ಸಲಾನೂ ಬೆಳದಿಂಗಳಾ ಹಾಕೀಯೇನು?" ಎಂದರು ಬೀರವ್ವ.

"ಇಲ್ಲವ್ವಾ."

"ಅಂವನ್ನ ಸಾಯಿಸೀಯೇನು?"

"ಇಲ್ಲ."

"ಹಂಗಿದ್ರ ಹಾಕು."

ಕೈ ಈಗಲೂ ಮುಚ್ಚಿಕೊಂಡೇ ಇರುತ್ತೀರಾ ಎಂದು ಕೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ.