ಆಯಿ ಬೆರಳಿಟ್ಟ ಹೆಸರು

ತಾಳಿಕೋಟೆ ಹತ್ತಿರದ ನಮ್ಮೂರ ಹೈಸ್ಕೂಲಿನ ಗೋಡೆಯಲ್ಲಿ ಇವತ್ತು ಹೊಸ ಕಲ್ಲಿನ ಫಲಕ ನೋಡಿದೆ. ಶಾಲೆಯ ಇತಿಹಾಸ ಕೆತ್ತಿಸಿದ್ದಾರೆ. ಎರಡನೆಯ ಸಾಲಿಗೇ ಗುರುತು ಸಿಕ್ಕಿತು, ಇವು ಹಿಂದೆ ನಾನೇ ಬರೆದಿದ್ದ ಸಾಲುಗಳು.

ನಾನು ಈ ಶಾಲೆಯಲ್ಲಿ ಓದುತ್ತಿದ್ದಾಗ, ಕಟ್ಟಡದ ಉದ್ಘಾಟನೆಯ ಹಿಂದಿನ ದಿನ ಹೆಡ್‌ಮಾಸ್ತರರು ಈ ಇತಿಹಾಸವನ್ನು ಡ್ರಾಯಿಂಗ್ ಹಾಳೆಯ ಮೇಲೆ ದುಂಡಗೆ ಬರೆಯಲು ನನಗೇ ಕೊಟ್ಟಿದ್ದರು. ಅಕ್ಷರ ದೊಡ್ಡದಾಗುತ್ತ ಹೋಗಿ ಕೊನೆಯ ಸಾಲಿಗೆ ಜಾಗ ಉಳಿಯಲಿಲ್ಲ. ಮತ್ತೊಮ್ಮೆ ಬರೆಯಲು ಬೇಸರವಾಗಿ ಅದನ್ನು ಬಿಟ್ಟುಬಿಟ್ಟೆ. ಶಾಲೆಗೆ ತನ್ನ ಕಪ್ಪು ಮಣ್ಣಿನ ಎರಿ ಹೊಲ ಕೊಟ್ಟ ಊರಿನ ಅಜ್ಜಿ ತಾಯವ್ವ ಆಯಿಯ ಹೆಸರಿದ್ದದ್ದು ಅದೇ ಸಾಲಿನಲ್ಲಿ. ಗಡಿಬಿಡಿಯಲ್ಲಿದ್ದ ಮಾಸ್ತರರು ಓದಿ ನೋಡದೆ ಗೋಡೆಗೆ ಹಚ್ಚಿಸಿದರು.

ಮರುದಿನ ಓದು ಬಾರದ ಆಯಿ ಇಳಕಲ್ ಸೀರೆಯುಟ್ಟು ಬಂದಳು. ನನ್ನ ಕೈ ಹಿಡಿದು ಹಾಳೆಯ ಮುಂದೆ ನಿಂತಳು.

"ನನ್ನ ಹೆಸರು ಎಲ್ಲೈತಿ, ತೋರಸವ್ವಾ."

ಅವಳ ಬೆರಳು ಹಿಡಿದು ಗುತ್ತಿಗೆದಾರನ ಹೆಸರಿನ ಮೇಲಿಟ್ಟೆ. "ಇಲ್ಲೈತಿ ನೋಡ ಆಯಿ."

ಅವಳು ಆ ಅಕ್ಷರಗಳನ್ನು ನಿಧಾನಕ್ಕೆ ಸವರಿ, ಬೆರಳನ್ನು ಕಣ್ಣಿಗೊತ್ತಿಕೊಂಡಳು. "ಭಾಳ ಚಂದ ಬರದೀಯವ್ವಾ," ಎಂದಳು.

ಆಯಿ ಈಗಿಲ್ಲ. ಫಲಕಕ್ಕೆ ನನ್ನ ಹಳೆಯ ಹಾಳೆಯನ್ನೇ ನೋಡಿ ಬರೆಸಿದ್ದಾರೆ. ಕೊನೆಯ ಸಾಲಿನ ಕೆಳಗೆ ಈ ಸಲ ಒಂದು ಗೇಣು ಜಾಗ ಖಾಲಿ ಉಳಿದಿದೆ.