ಕ್ಲಚ್ಚಿನ ವಾಸನೆ

ಇವತ್ತು ಬೆಳಿಗ್ಗೆ ಸಂತೆಯ ಚೀಲ ಇಡಲು ಕಾರಿನ ಡಿಕ್ಕಿ ತೆರೆದೆ, ಹಳೆಯ ಕ್ಲಚ್ ಪ್ಲೇಟಿನ ಕಮಟು ವಾಸನೆ ಮೂಗಿಗೆ ಬಡಿಯಿತು. ನಮ್ಮ ಚಿಕ್ಕೋಡಿಯ ಗ್ಯಾರೇಜ್ ಮಿಸ್ತ್ರಿಗಳ ಪದ್ಧತಿ ನಿಮಗೂ ಗೊತ್ತಿರಬೇಕು: ಹೊಸ ಸಾಮಾನು ಹಾಕಿದರೆ ಹಳೆಯದನ್ನು ಹೊಸದು ಬಂದ ಡಬ್ಬಿಯಲ್ಲೇ ಇಟ್ಟು ಮಾಲೀಕರ ಕೈಗೆ ಒಪ್ಪಿಸುತ್ತಾರೆ. ಮೋಸ ಮಾಡಿಲ್ಲ ಎಂಬುದಕ್ಕೆ ಸಾಕ್ಷಿ. ಅದನ್ನು ಒಯ್ದು ಏನು ಮಾಡಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ. ಗುಜರಿಯವನು ಕೇಳಿದ, ಕೊಡಲು ಮನಸ್ಸಾಗಲಿಲ್ಲ.

ಅದು ನಮ್ಮವರು ಸುಟ್ಟ ಪ್ಲೇಟು. ಎಡಗಾಲನ್ನು ಕ್ಲಚ್ಚಿನ ಮೇಲೆಯೇ ಊರಿಕೊಂಡು ಗಾಡಿ ಓಡಿಸುವ ಚಟ ಅವರದು. ಕಾರೆಂದರೆ ಲಕ್ಷ್ಮಿ ಎಂದು ಚಪ್ಪಲಿ ಕಳಚಿ ಹತ್ತುತ್ತಿದ್ದರು; ಬರಿಗಾಲು ಮಾತ್ರ ಆ ಲಕ್ಷ್ಮಿಯನ್ನು ದಾರಿಯುದ್ದಕ್ಕೂ ತುಳಿಯುತ್ತಿತ್ತು. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆದುಕೊಂಡು ತೆವಳುವ ಟ್ರ್ಯಾಕ್ಟರಿನ ಹಿಂದೆ ಸಿಕ್ಕರಂತೂ ಮುಗಿಯಿತು, ಹಂಚಿನ ಮೇಲೆ ಮರೆತ ರೊಟ್ಟಿಯಂತೆ ಕ್ಲಚ್ಚು ಕಮರುತ್ತಿತ್ತು.

"ಕಾಲ ತಗೀರಿ ಅಂತೀನಿ," ಎಂದರೆ, "ಎಲ್ಲಿಡ್ಲಿ, ನಿನ್ನ ತಲಿ ಮ್ಯಾಲ ಇಡ್ಲೇನು?" ಎನ್ನುತ್ತಿದ್ದರು. ನಾನೂ ಬಿಡುವವಳಲ್ಲ. ಐನಾಪುರ ಮುಟ್ಟುವವರೆಗೂ ಜಗಳ.

ಐನಾಪುರದಲ್ಲಿ ಅವರ ಅಕ್ಕ ಗಂಗಕ್ಕ ಇದ್ದಾರೆ. ಅವರಿಗೆ ಕಣ್ಣು ಪೂರ್ತಿ ಹೋಗಿದೆ. ಕಾರು ಓಣಿಗೆ ತಿರುಗುತ್ತಲೇ ಕಟ್ಟೆಯ ಮೇಲಿಂದ ಸೊಸೆಗೆ ಕೂಗುತ್ತಿದ್ದರು: "ಚಹಾಕ್ಕ ಇಡವಾ, ತಮ್ಮ ಬಂದಾನ. ವಾಸನಿ ಬಂತು."

ಹೋದ ವರ್ಷ ನಮ್ಮವರು ತೀರಿಕೊಂಡರು. ಊಟಕ್ಕೆ ಕುಳಿತವರು ಹಾಗೇ ವಾಲಿದರು. ಕಾರು ಓಡಿಸಲು ನನಗೆ ಅವರೇ ಕಲಿಸಿದ್ದರಿಂದ, ಗಂಗಕ್ಕನ ಬಳಿ ನಾನೇ ಹೋಗಿ ಬರತೊಡಗಿದೆ. ಮೊದಲ ಸಲ ಹೋದಾಗ ಕಟ್ಟೆಯ ಮೇಲಿಂದ ಅದೇ ಕೂಗು: "ಚಹಾಕ್ಕ ಇಡವಾ, ತಮ್ಮ..." ಅರ್ಧಕ್ಕೆ ನಿಲ್ಲಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ನನ್ನ ಕೈ ಹಿಡಿದು, "ಒಂದ ಗಳಿಗಿ ಖರೇನ ಬಂದಾನ ಅನಿಸ್ತವಾ. ಅಷ್ಟ ಸಾಕು," ಎಂದರು. ಆ ಒಂದು ಗಳಿಗೆಗಾಗಿ ನಾನು ಕ್ಲಚ್ಚಿನ ರಿಪೇರಿ ಮುಂದೂಡುತ್ತಲೇ ಹೋದೆ. ಹುಚ್ಚು ಅನ್ನಿ. ನನಗೂ ಆ ವಾಸನೆ ಬೇಕಿತ್ತು.

ಕಡೆಗೊಂದು ದಿನ ಕೃಷ್ಣೆಯ ಸೇತುವೆಯ ಏರಿನಲ್ಲಿ ಇಂಜಿನ್ನು ಒದರಿತೇ ಹೊರತು ಕಾರು ಮುಂದೆ ಸರಿಯಲಿಲ್ಲ. ಗ್ಯಾರೇಜಿನ ಇಸ್ಮಾಯಿಲ್ ಭಾಯಿ ಬಿಚ್ಚಿ ನೋಡಿದರು. ಪ್ಲೇಟು ಸವೆದು, ಅದು ಒತ್ತಿ ಹಿಡಿಯುವ ಫ್ಲೈವ್ಹೀಲ್ ಕೂಡ ಕಾದು ಕಾದು ನೀಲಿಗಟ್ಟಿತ್ತು. ಎರಡನ್ನೂ ಹೊಸದಾಗಿ ಹಾಕಿ, ಕೀಲಿಕೈ ಕೊಡುವಾಗ ಹೇಳಿದರು:

"ಸ್ವಲ್ಪ ದಿನ ಸಮಾಧಾನಲೆ ಓಡಸ್ರಿ ವೈನಿ. ಎರಡೂ ಹೊಸಾವ ಅದಾವ, ಒಂದಕ್ಕೊಂದ ಹೊಂದ್ಕೋಬೇಕು. ಜಗ್ಗಬ್ಯಾಡ್ರಿ, ಲೋಡ್ ಹಾಕಬ್ಯಾಡ್ರಿ. ಮತ್ತ ಅಣ್ಣಾರಗತೆ ಕಾಲ ಮ್ಯಾಲ ಇಡಬ್ಯಾಡ್ರಿ." ನಕ್ಕವರು ತಟ್ಟನೆ ಮುಖ ತಿರುಗಿಸಿಕೊಂಡರು.

ಹೊಸ ಕ್ಲಚ್ಚು, ಪೆಡಲ್ ಸ್ವಲ್ಪ ಬಿಡುತ್ತಲೇ, ಬಲು ಕೆಳಗೆ ಹಿಡಿಯುತ್ತದೆ. ಹಳೆಯದಕ್ಕೆ ಪಳಗಿದ ನನ್ನ ಕಾಲು ಮೇಲೆ ಹುಡುಕುವಷ್ಟರಲ್ಲಿ ಕಾರು ಜಿಗಿದು ಆರುತ್ತಿತ್ತು. ಬಸ್ ಸ್ಟ್ಯಾಂಡಿನ ಎದುರಿಗೇ ಆರಿ ನಿಂತಾಗ ಹಿಂದಿನವರೆಲ್ಲ ಹಾರ್ನ್ ಹೊಡೆದು ನನಗೆ ಮಂಗಳಾರತಿ ಮಾಡಿದರು. ಬೈದುಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟೆ.

ಹೋದ ವಾರ ಹಾಗೇ ಮೆಲ್ಲಗೆ ಐನಾಪುರಕ್ಕೆ ಹೋದೆ. ಗಂಗಕ್ಕ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದರು. ಕೂಗಲಿಲ್ಲ. ಕಾರು ಎದುರಿಗೆ ಬಂದು ನಿಂತ ಮೇಲೆ, "ಯಾರ ಗಾಡಿರಿ ಅದು?" ಎಂದು ಕೇಳಿದರು.

"ನಾನ ಅಕ್ಕಾ. ಕ್ಲಚ್ ಹೊಸಾದ ಹಾಕಿಸೀನಿ."

ಕೈಯ ಶೇಂಗಾ ಕೈಯಲ್ಲೇ ಉಳಿಯಿತು. "ಹಂಗಾದ್ರ ಇನ್ನ ಅವ ಬರಂಗಿಲ್ಲ," ಎಂದರು.

ನನಗೆ ತಡೆಯಲಾಗಲಿಲ್ಲ. ಡಿಕ್ಕಿಯಿಂದ ಡಬ್ಬಿ ತಂದು ಅವರ ಮಡಿಲಲ್ಲಿಟ್ಟೆ. ಪ್ಲೇಟನ್ನು ಬೆರಳಿನಿಂದ ಸವರಿ, ಮೂಗಿಗೆ ಹಿಡಿದು ಬಹಳ ಹೊತ್ತು ಕುಳಿತರು. ಆಮೇಲೆ ತಾವೇ ಡಬ್ಬಿ ಮುಚ್ಚಿ ನನ್ನತ್ತ ಚಾಚಿದರು.

"ಒಯ್ಯವಾ, ನಿನ್ನ ಹಂತೇಕ ಇರ್ಲಿ. ಆದ್ರ ನೀ ಬಂದಿದ್ದ ನನಗ ಹೆಂಗ ತಿಳೀಬೇಕು? ಓಣ್ಯಾಗ ತಿರಗಿದ ಕೂಡ್ಲೆ ಹಾರ್ನ್ ಹೊಡಿ."

ಇವತ್ತು ಡಬ್ಬಿಯ ಪಕ್ಕದಲ್ಲೇ ಚೀಲ ಇಟ್ಟು, ಚಪ್ಪಲಿ ಕಳಚಿ ಹೊರಟೆ. ಎಡಗಾಲು ತಾನಾಗಿಯೇ ಕ್ಲಚ್ಚಿನ ಮೇಲೆ ಏರುತ್ತಿತ್ತು. ಮತ್ತೆ ಮತ್ತೆ ಇಳಿಸಿದೆ. ಐನಾಪುರದ ಓಣಿಗೆ ತಿರುಗಿ ಹಾರ್ನ್ ಹೊಡೆದೆ.

ಕಟ್ಟೆಯ ಮೇಲಿಂದ ಗಂಗಕ್ಕನ ದನಿ ಕೇಳಿತು: "ಚಹಾಕ್ಕ ಇಡವಾ, ತಮ್ಮನ ಹೇಣ್ತಿ ಬಂದಾಳ."