ಹಿಂದಿನ ಬೆಂಚಿಗೆ ತಿಳಿಯಬೇಕು

ಸಿಸ್ಟರ್ ಬೆನೆಡಿಕ್ಟಾ ನಮ್ಮ ಒಳ್ಳೆಯ ಅಂಕಗಳನ್ನು ವಾರದೊಳಗೆ ಮರೆಯುತ್ತಿದ್ದರು. ಕೆಟ್ಟ ಉತ್ತರಪತ್ರಿಕೆಯನ್ನು ಮಾತ್ರ ತಿಜೋರಿಯಲ್ಲಿ ಜೋಪಾನವಾಗಿ ಇಡುತ್ತಿದ್ದರು. ಪ್ರತಿಯೊಬ್ಬ ವಿದ್ಯಾರ್ಥಿಯದೂ ಒಂದೊಂದು ಹಾಳೆ. ಮುಂದೆ ದೊಡ್ಡ ಮನುಷ್ಯರಾಗಿ ಕಾರಿನಲ್ಲಿ ಬಂದಿಳಿದವರಿಗೆ ಮೊದಲು ಚಹಾ, ಆಮೇಲೆ ಆ ಹಾಳೆ.

ಹುಕ್ಕೇರಿಯ ಸಿಸ್ಟರ್‌ಗಳ ಹೈಸ್ಕೂಲಿನಲ್ಲಿ ಅವರು ನಮಗೆ ಗಣಿತದ ಟೀಚರು, ಆಮೇಲೆ ಮುಖ್ಯೋಪಾಧ್ಯಾಯಿನಿ. ಮಂಗಳೂರು ಕಡೆಯವರು. ಹೊಸದಾಗಿ ಬಂದಾಗ ಅವರ ಪುಸ್ತಕದ ಕನ್ನಡಕ್ಕೆ ಹುಡುಗರು ನಗುತ್ತಿದ್ದರಂತೆ. ನಮ್ಮ ಕಾಲಕ್ಕೆ ಇಲ್ಲಿನ ಮಾತನ್ನು ನಮಗಿಂತ ಗಡಸಾಗಿ ಆಡುತ್ತಿದ್ದರು. ಯಾರನ್ನೂ ಹೊಡೆಯುತ್ತಿರಲಿಲ್ಲ, ಬರೀ ಪ್ರಶ್ನೆ ಕೇಳುತ್ತಿದ್ದರು. ನಮಗೆ ಅಷ್ಟೇ ಸಾಕಾಗುತ್ತಿತ್ತು.

ಒಂದು ನಳ ಮೂರು ತಾಸಿನಲ್ಲಿ, ಇನ್ನೊಂದು ಆರು ತಾಸಿನಲ್ಲಿ ನೀರಿನ ಟಾಕಿ ತುಂಬಿಸಿದರೆ ಎರಡೂ ಕೂಡಿ ಎಷ್ಟು ಹೊತ್ತು ಎಂಬ ಲೆಕ್ಕಕ್ಕೆ ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಿದ್ದ ನಾನು ಧೈರ್ಯವಾಗಿ ಒಂಬತ್ತು ತಾಸು ಎಂದು ಬರೆದಿದ್ದೆ. ಸಿಸ್ಟರ್ ಹಾಳೆ ಹಿಡಿದು ನನ್ನ ಬಳಿಗೆ ಬಂದರು.

“ಏನೋ ಮಹಾಂತೇಶ, ಎರಡನೇ ನಳ ಬಿಟ್ಟಕೂಡ್ಲೆ ಮೊದಲನೇದು ನೀರು ಬಿಡೂದ ಮರೀತೈತೇನು?”

ಆ ಹಾಳೆ ಅಂದೇ ತಿಜೋರಿ ಸೇರಿತು. ನಾನು ಮುಂದೆ ಕಾಲುವೆಯ ಕೆಲಸ ನೋಡುವ ಎಂಜಿನಿಯರನಾದೆ.

ಶಾಲೆಗೆ ಐವತ್ತು ತುಂಬಿದಾಗ ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳ ಹಲಗೆಯೊಂದನ್ನು ಪಡಸಾಲೆಯಲ್ಲಿ ಹಾಕುವುದೆಂದು ನಿರ್ಧಾರವಾಯಿತು. ನನ್ನ ಹೆಸರು ಅದರಲ್ಲಿ ಬರಲೇಬೇಕು ಎಂಬ ಆಸೆ ನನಗೆ ಎಷ್ಟಿತ್ತೆಂದರೆ, ನೋಡಲಿಕ್ಕೆಂದು ದಡ್ಡಿ ಎಂಬ ಊರಿನಿಂದ ಮಾವನವರನ್ನೂ ಕರೆಸಿದ್ದೆ. ಸಿಸ್ಟರ್ ಒಂದು ಶರತ್ತು ಹಾಕಿದರು. ಪ್ರತಿಯೊಬ್ಬರೂ ತಮ್ಮ ಹಾಳೆಯಲ್ಲಿ ತಪ್ಪಿದ ಲೆಕ್ಕವನ್ನು ಹತ್ತನೆಯ ತರಗತಿಯ ಮುಂದೆ ನಿಂತು ಮಾಡಬೇಕು. ಹಿಂದಿನ ಬೆಂಚಿನವರಿಗೆ ತಿಳಿದರೆ ಮಾತ್ರ ಹೆಸರು.

ನಾನು ಟೈ ಕಟ್ಟಿಕೊಂಡು ಹೋಗಿ, ಅರ್ಧ ನಿಮಿಷದಲ್ಲಿ ಸೂತ್ರ ಬರೆದು, ಎರಡು ತಾಸು ಎಂದು ಗೆರೆ ಎಳೆದು ಕೈ ಜಾಡಿಸಿಕೊಂಡೆ. ಹಿಂದಿನ ಬೆಂಚು ನನ್ನ ಟೈ ನೋಡುತ್ತಿತ್ತು. ನನ್ನ ಬೆನ್ನಿಗೇ ಬಂದವನು ಸಿದ್ರಾಮ, ಬೆಲ್ಲದ ಬಾಗೇವಾಡಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ನನ್ನ ಸಹಪಾಠಿ. ಹತ್ತನೆಯದನ್ನು ಮೂರನೆಯ ಸಲಕ್ಕೆ ದಾಟಿದವನು. ಬಡ್ಡಿಯ ಲೆಕ್ಕ ಅವನದು. ಹುಡುಗರನ್ನೇ ಎಬ್ಬಿಸಿ, ಶೇಂಗಾ ಹಂಚಿ, ಒಬ್ಬರಿಂದೊಬ್ಬರಿಗೆ ಕಡ ಕೊಡಿಸಿ ಬಡ್ಡಿ ಕಟ್ಟಿಸಿದ. ಹಿಂದಿನ ಬೆಂಚು ಎದ್ದು ನಿಂತು ಉತ್ತರ ಹೇಳಿತು.

ಸಿದ್ರಾಮನ ಹೆಸರು ಹಲಗೆಗೆ ಬಂತು. ನನಗೆ ಸಿಸ್ಟರ್, “ಉತ್ತರ ಖರೆ ಐತಿ, ಆದ್ರ ಯಾರಿಗೂ ಮುಟ್ಟಿಲ್ಲ. ಮುಂದಿನ ವರ್ಷ ಬಾ” ಎಂದರು. ಮಾವನವರು ಸಿದ್ರಾಮನ ಕೈ ಕುಲುಕಿ ದಡ್ಡಿಯ ಬಸ್ಸು ಹತ್ತಿದರು. ನನಗೆ ಸಿಸ್ಟರ್ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ಮುಂದಿನ ವರ್ಷ ಬರುವ ಮೊದಲೇ ಅವರಿಗೆ ವರ್ಗವಾಯಿತು. ಸುದ್ದಿ ಕೇಳಿ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಬಸ್‌ಸ್ಟ್ಯಾಂಡಿಗೆ ಓಡಿದೆ. ಸಿಸ್ಟರ್ ಬಸ್ಸಿಗೆ ಕಾಯುತ್ತ ಕೂತಿದ್ದರು: ಒಂದು ಟ್ರಂಕು, ಒಂದು ಕೈಚೀಲ, ಮಡಿಲಲ್ಲಿ ನನ್ನ ಹಾಳೆ. ಉಳಿದವರದನ್ನೆಲ್ಲ ತಿರುಗಿ ಕೊಟ್ಟಾಗಿತ್ತಂತೆ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಪೇರಲಹಣ್ಣು ಮಾರುತ್ತಿದ್ದ ಅಕ್ಕನನ್ನು ತೋರಿಸಿ, ಬಸ್ ಬರುವುದರೊಳಗೆ ಅವಳಿಗೆ ಈ ಲೆಕ್ಕ ತಿಳಿಸು ಎಂದರು.

ನಳ, ಟಾಕಿ ಬಿಟ್ಟು ಕಳೆ ತೆಗೆಯುವುದನ್ನು ಹಿಡಿದೆ. ಆರು ಸಾಲಿನ ತುಂಡು ಹೊಲ. ನೀವು ತಾಸಿಗೆ ಎರಡು ಸಾಲು ತೆಗೆಯುತ್ತೀರಿ, ನಿಮ್ಮ ಅತ್ತೆ ಒಂದು ಎಂದೆ. ಅಕ್ಕ ಹಣ್ಣು ಒರೆಸುತ್ತಲೇ ಕೇಳಿದಳು.

“ಇಬ್ಬರೂ ಕೂಡಿ ಇಳಿದ್ರ ತಾಸಿಗೆ ಮೂರು. ಎರಡು ತಾಸಿನ್ಯಾಗ ಮನಿಗೆ ಹೋಗ್ತೇವಲ್ರಿ?”

ಸಿಸ್ಟರ್ ನನ್ನ ಒಂಬತ್ತರ ಬಾಜೂ ಕೆಂಪು ಶಾಯಿಯಲ್ಲಿ ಎರಡು ಎಂದು ಬರೆದು ಸರಿ ಗುರುತು ಹಾಕಿ ಹಾಳೆ ಕೊಟ್ಟರು. ಹಲಗೆಯ ಕಾರಭಾರ ಇನ್ನು ತಮ್ಮದಲ್ಲ ಎಂದರು. ಬಸ್ಸು ತಿರುಗುವವರೆಗೆ ಕೈ ಬೀಸುತ್ತಿದ್ದರು. ನನ್ನ ಕಣ್ಣು ತುಂಬಿದ್ದನ್ನು ಕಂಡು ಅಕ್ಕ ಒಂದು ಹಣ್ಣು ಕೊಟ್ಟಳು.

ಕಳೆದ ತಿಂಗಳು ಹೊಸ ಮುಖ್ಯೋಪಾಧ್ಯಾಯಿನಿ ಫೋನು ಮಾಡಿದ್ದರು. ಹಲಗೆಯಲ್ಲಿ ಇನ್ನೂ ಒಂದು ಜಾಗ ಉಳಿದಿದೆ, ಪರೀಕ್ಷೆ ಗಿರೀಕ್ಷೆ ಏನೂ ಬೇಡ, ಹೆಸರು ಬರೆಸುತ್ತೇವೆ ಎಂದರು. ಹೆಸರಿನ ಮಾತು ಆಮೇಲೆ ನೋಡೋಣ ಎಂದೆ.

“ಶನಿವಾರ ನಾ ಬರ್ತೇನ್ರಿ ಮೇಡಂ. ಗಣಿತದ ತಾಸಿಗೆ ಹಿಂದಿನ ಬೆಂಚಿನ್ಯಾಗ ಎಷ್ಟ ಮಂದಿ ಅದಾರ, ಹೇಳ್ರಿ.”